ಸಂಬಳಕ್ಕೆ ಬಂದ ಜಪ್ತಿ
ದುಡಿದ ಸಂಬಳವು ಮನೆ ಸೇರುವ ಮೊದಲೇ ತೆರಿಗೆಯ ಬಾಕಿಗೆ ಜಪ್ತಿಯಾಗುವುದೆಂದರೆ ಸಂಸಾರಸ್ಥರ ಎದೆ ಕುಸಿಯುತ್ತದೆ. 2014ರಲ್ಲಿ ನಮ್ಮ ಅಣ್ಣನವರ ಕಚೇರಿಗೆ ಅಂಥ ಆದೇಶ ಬಂದಾಗ ಅತ್ತಿಗೆಯವರು ಒಡವೆಗಳನ್ನು ಒತ್ತೆಯಿಡಲು ಹೊರಟರು; ನಾವು ತಡೆದೆವು. 1961ರ ಆದಾಯ ತೆರಿಗೆ ಕಾಯಿದೆಯ 226ನೆಯ ಕಲಮಿನನ್ವಯ ಸಂಬಳ ಕೊಡುವವರು ಆದೇಶವನ್ನು ಪಾಲಿಸಲೇಬೇಕಿತ್ತು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಂಬಳದ ಮೊದಲ 1,000 ರೂಪಾಯಿಗಳನ್ನೂ, ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಜಪ್ತಿಯಿಂದ ಕಾಪಾಡುತ್ತದೆ. ಅಣ್ಣನವರ 31,000 ರೂಪಾಯಿಗಳಲ್ಲಿ 10,000 ಬಾಕಿಗೆ ಹೋಗಿ 21,000 ಮನೆಗೆ ಬಂದಿತು. ಮಕ್ಕಳ ಶಾಲೆ ತಪ್ಪಲಿಲ್ಲ. ಬೇಡಿಕೆಯ ನೋಟೀಸನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೆಳೆಯುತ್ತದೆ. ಗಡುವು ಮೀರುವ ಮುನ್ನವೇ ಕಂತುಗಳನ್ನು ಕೋರಿ ಅರ್ಜಿ ಸಲ್ಲಿಸುವುದು ಗೃಹಸ್ಥರಿಗೆ ಶ್ರೇಯಸ್ಕರ.