ಎದೆಯೋ ಮನಸ್ಸೋ

ಎರಡು ವರ್ಷದ ಹಿಂದೆ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತ ಒಂದು ರಾತ್ರಿ, ನನ್ನ ಎದೆ ಡವಡವನೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತಿತು, ಸತ್ತೆನೆಂದೇ ತಿಳಿದೆ. ಇ.ಸಿ.ಜಿ. ತೆಗೆಸಿದರೆ ಹೃದಯ ಗಟ್ಟಿಯಾಗಿದೆಯಂತೆ! "ಮನೋವೈದ್ಯರನ್ನು ಕಂಡು ಬನ್ನಿ ಮೇಷ್ಟ್ರೇ" ಎಂದರು ಡಾಕ್ಟರು. ಹೃದ್ರೋಗವೆಂದಿದ್ದರೂ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

'ರಾಶಿ'ಯವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವವನು ನಾನು. 1935ರಲ್ಲಿ ನಮ್ಮ ಮೈಸೂರಿನಲ್ಲಿ, ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂಬುದನ್ನೂ ಸೇರಿಸುತ್ತೇನೆ. ಅಂಥವನು ಮೂರು ತಿಂಗಳು ನಿದ್ದೆಗೆಟ್ಟು ಕಳೆದೆ. ಬೀದಿಗೊಬ್ಬ ಶಿಷ್ಯನಿರುವ ಊರಿನಲ್ಲಿ ಆ ಬೋರ್ಡಿನ ಕೆಳಗೆ ನಿಲ್ಲುವುದು ಹೇಗೆ?

ಕೊನೆಗೆ ಹೆಂಡತಿಯೇ ಕರೆದೊಯ್ದಳು. ಬೆಂಚಿನ ಮೇಲೆ ಪತ್ರಿಕೆಯಲ್ಲಿ ಮುಖ ಮುಚ್ಚಿ ಕುಳಿತೆ. ಪಕ್ಕದವರದೂ ಅದೇ ಭಂಗಿ. ನೋಡಿದರೆ ನಮ್ಮ ಗಣಿತದ ಮೇಷ್ಟ್ರು!

ವೈದ್ಯರು ಹೆದರಿಸಲಿಲ್ಲ. ಹುಲಿ ಕಂಡರೆ ಓಡಲೆಂದು ಎದೆ ಬಡಿಯುವುದು ಸಹಜ. ಈ ಕಾಯಿಲೆಯಲ್ಲಿ ಹುಲಿಯಿಲ್ಲದೆಯೂ ಬಡಿಯುತ್ತದೆ. ಆ ಬಡಿತವನ್ನೇ ಸಾವೆಂದು ಬಗೆದರೆ ಅದು ಇನ್ನಷ್ಟು ಏರುತ್ತದೆ. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿ ಮಾತಾಡಿಸಿದರು, ಕಾಫಿ ತಗ್ಗಿಸಿದರು. ಕೊನೆಯದೇ ಕಠಿಣ ಚಿಕಿತ್ಸೆ! ಗುಣ ಕಾಣಲು ತಿಂಗಳುಗಳೇ ಹಿಡಿದವು.

ಮೊನ್ನೆ ಒಬ್ಬ ವಿದ್ಯಾರ್ಥಿನಿ ಬಂದು, "ಎದೆ ಹೊಡ್ಕೊಳ್ಳತ್ತೆ ಸಾರ್, ನಿದ್ದೆ ಬರಲ್ಲ, ಮನೇಲಿ ಹೇಳ್ಬೇಡಿ" ಎಂದಳು. ಡಾಕ್ಟರಿಗೆ ತೋರಿಸೆಂದೆ. 2022ರಲ್ಲಿ ಶುರುವಾದ 'ಟೆಲಿ ಮಾನಸ್'ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ. ನನ್ನ ಬೆಂಚಿನ ಕಥೆಯನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಅವಳು ಭಾನುವಾರದ ಪುರವಣಿ ಓದುತ್ತಾಳೆ.