ಗೋಡೆಯ ಉಸಿರು

ಮೈಸೂರಿನಿಂದ ಊಟಿಗೆ ಹೋಗುವವರಿಗೆ ನಮ್ಮ ಬೇಗೂರು, ನಂಜನಗೂಡು ದಾಟಿ ಗುಂಡ್ಲುಪೇಟೆ ಬರುವ ಮೊದಲು ಕಿಟಕಿಯಾಚೆ ಸರಿದುಹೋಗುವ ಊರು. ರಸ್ತೆಬದಿಯಲ್ಲಿ ಈಗ ಹೆಚ್ಚಿನವು ಸಿಮೆಂಟಿನ ಮನೆಗಳು. ನಮ್ಮದು ಇನ್ನೂ ಮಣ್ಣಿನ ಗೋಡೆ, ನಾಡಹೆಂಚಿನದು. 15 ವರ್ಷದ ಹಿಂದೆ ಪಡುವಣ ಗೋಡೆಗೆ ಅಪ್ಪ ಹೊರಗಿನಿಂದ ಸಿಮೆಂಟು ಗಿಲಾವು ಮಾಡಿಸಿದ್ದರು. ಅಪ್ಪ ಈಗಿಲ್ಲ. ಗಿಲಾವು ಹಪ್ಪಳದಂತೆ ಉಬ್ಬಿ ಕಳಚತೊಡಗಿತ್ತು. ಆ ಗೋಡೆಯ ಒಳಬದಿಗೇ ಅವ್ವನ ಹಾಸಿಗೆ.

ಮಳೆಗೆ ಮುಂಚೆ ಸರಿಮಾಡಲೇಬೇಕಿತ್ತು. ಫೆಲೋಶಿಪ್ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲವಾದ್ದರಿಂದ ಗಾರೆ ಕೆಲಸದವರನ್ನು ಕರೆಸುವ ಮಾತೇ ಇರಲಿಲ್ಲ. ಏಪ್ರಿಲ್‌ನಲ್ಲಿ ಪ್ರಬಂಧದ ಮೂರನೇ ಅಧ್ಯಾಯವನ್ನು ಮುಚ್ಚಿಟ್ಟು ಊರಿಗೆ ಬಂದೆ.

ಗೋಡೆಯನ್ನು ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಉಳಿಯಿಂದ ಎಬ್ಬಿಸಿದಾಗ ಕಾರಣ ಕಂಡಿತು. ಮಣ್ಣಿನ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಬಿರುಕಿನಿಂದ ಇಳಿದ ಮಳೆನೀರೂ ಸೇರಿ ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹಿಡಿತ ತಪ್ಪಿದ ಗಿಲಾವು ಹಲಗೆಯಂತೆ ಕಳಚಿ ಬೀಳುತ್ತದೆ. ಮಣ್ಣಿನ ಕಟ್ಟಡವನ್ನು ಸಂಶೋಧನೆಯ ವಿಷಯವಾಗಿಸಿದ ‘ಅಸ್ತ್ರ’ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದದ್ದು 1974ರಲ್ಲಿ. ಅದಕ್ಕೂ ಮೊದಲಿನಿಂದ ಗೋಡೆ ಬಳಿಯುತ್ತ ಬಂದ ಎದುರುಮನೆಯ ದೊಡ್ಡವ್ವ ಒಂದೇ ಮಾತು ಹೇಳಿದಳು: “ಗ್ವಾಡೆಗೂ ಉಸ್ರು ಬೇಕು ಕನ ಮಗಾ.”

ಮಣ್ಣು ಆರಿಸುವುದೇ ಅರ್ಧ ಕೆಲಸ. ಕಪ್ಪು ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಕೆಂಪು ಮಣ್ಣೇ ಆಗಬೇಕು. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಟ್ಟೆ. ಮರಳು ಆಗಲೇ ತಳ ಸೇರಿತು, ಜೇಡಿ ಕೂರಲು ಮರುದಿನವಾಯಿತು. ಜೇಡಿಯ ಪದರವೇ ದಪ್ಪಗಿತ್ತು. ದೊಡ್ಡವ್ವ ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿಡಿ ಮಣ್ಣು ನೆನೆಸಿ, ಅಂಗೈಯಲ್ಲಿ ಬತ್ತಿಯಂತೆ ಹೊಸೆದು, ಮುರಿದು, “ಇನ್ನೊಂದ್ ಮಂಕ್ರಿ ಮಳ್ಳಾಕು” ಎಂದಳು. ಎರಡೂ ಪರೀಕ್ಷೆ ಹೇಳಿದ್ದು ಒಂದನ್ನೇ.

ಮಣ್ಣು, ಮರಳು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ತುಳಿದು ನಾಲ್ಕು ದಿನ ಕಳಿಯಲು ಬಿಟ್ಟೆ. ಗೋಡೆಗೆ ನೀರು ಚಿಮುಕಿಸಿ ಒಂದು ತೆಳು ಪದರ ಒತ್ತಿದೆ. ಒಣಗುವಾಗ ಬಿರಿದ ಕಡೆ ಒದ್ದೆ ಕೈಯಿಂದ ಉಜ್ಜಿ, ಆಮೇಲೆ ಎರಡನೆಯ ಪದರ. ಕೊನೆಗೆ ಸುಣ್ಣ.

ಅವ್ವನಿಗೆ ಮಾತ್ರ ಇದೇನೂ ಹಿಡಿಸಲಿಲ್ಲ. “ನಿಂಗ ಮಣ್ಣು ಚೆಂದ ಕಾಣ್ತದ. ವರ್ಸ ವರ್ಸ ಬಳ್ಯೋರು ಯಾರು?” ಎಂದಳು. ಮದುವೆಯಾಗಿ ಬಂದಾಗಿನಿಂದ ಹಬ್ಬಕ್ಕೆ ಮುಂಚೆ ಮಣ್ಣು ತುಳಿದು, ಸಾರಿಸಿ, ಸುಣ್ಣ ಬಳಿದವಳು ಅವಳೇ. ಅದಕ್ಕೆ ಕೂಲಿಯೂ ಇಲ್ಲ, ಹೆಸರೂ ಇಲ್ಲ. ಅಪ್ಪ ಸಿಮೆಂಟು ತಂದದ್ದು ಅಂದಕ್ಕಲ್ಲ, ಅವ್ವನ ಸೊಂಟಕ್ಕೆ ಬಿಡುವು ಸಿಗಲೆಂದು. ಮಣ್ಣಿನ ಮನೆಯನ್ನು ಹೊಗಳುವ ಸೆಮಿನಾರುಗಳಲ್ಲಿ ಅವ್ವನ ಈ ಪ್ರಶ್ನೆಯನ್ನು ಯಾರೂ ಕೇಳಿದ್ದು ನಾನು ಕಂಡಿಲ್ಲ.

ಮಳೆಗೆ ಗೋಡೆ ನಿಂತಿತು. ತಳದಲ್ಲಿ ಒಂದು ಗೇಣು ಮಣ್ಣು ಕರಗಿದೆ, ದೀಪಾವಳಿಗೆ ಬಳಿಯಬೇಕು. ಆ ಕೆಲಸ ಇನ್ನು ನನ್ನದು ಎಂದು ಫೋನಿನಲ್ಲಿ ಹೇಳಿದೆ.

“ಓದು ಮುಗುದು ಕೆಲ್ಸ ಸಿಕ್ಕುದ್ ಮ್ಯಾಲೂವಾ?” ಎಂದು ಕೇಳಿದಳು.

ಹೂಂ ಎಂದೆ. ರಜೆ ಕೊಡುವ ಊರಿನಲ್ಲೇ ಕೆಲಸ ಹುಡುಕಬೇಕು.