ಕೂದಲ ಗೆರೆ

ಟೋಕಿಯೊ, ನವೆಂಬರ್ 9

ಅಸಾಕುಸಾದ ಮೊಕುಹಾಂಕನ್ ಅಂಗಡಿಯಲ್ಲಿ ಕೊಂಡ ಮರದಚ್ಚಿನ ಚಿತ್ರವನ್ನು ಬೆಳಿಗ್ಗೆ ಬಿಚ್ಚಿದೆ. ಇಂಥ ಚಿತ್ರವನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಬಾರದು, ಕೈಗೆತ್ತಿಕೊಂಡು ಕಿಟಕಿಯ ಓರೆಬೆಳಕಿನಲ್ಲಿ ನೋಡಬೇಕು ಅನ್ನುವುದು ಅಂಗಡಿ ಕಟ್ಟಿದ ಡೇವಿಡ್ ಬುಲ್ ಅವರ ಹಟ. ದೀಪ ಆರಿಸಿ ಹಾಗೇ ನೋಡಿದೆ. ಕಪ್ಪು ಗೆರೆ ಬಿದ್ದಲ್ಲೆಲ್ಲ ಕಾಗದ ತುಸು ತಗ್ಗಿದೆ, ಗೆರೆಗಳ ನಡುವೆ ಮೆತ್ತಗೆ ಉಬ್ಬಿದೆ. ಬಣ್ಣ ಕಾಗದದ ಮೇಲೆ ಕೂತಿಲ್ಲ, ನಾರಿನೊಳಗೇ ಇಳಿದಿದೆ. ಮಗುಚಿದರೆ ಬೆನ್ನಿನಲ್ಲೂ ಬಣ್ಣದ ನೆರಳು, ಉಜ್ಜಿದ ಗುರುತು. ಉಕಿಯೊ-ಎ ಎನ್ನುವ ಇಂಥ ಹಳೆಯ ಜಪಾನಿ ಮರದಚ್ಚಿನ ಚಿತ್ರಗಳನ್ನು ಪುಸ್ತಕಗಳಲ್ಲಿ ಎಷ್ಟೋ ನೋಡಿದ್ದೇನೆ. ಇದೊಂದೂ ಅಲ್ಲಿ ಕಾಣುವುದಿಲ್ಲ.

ನವೆಂಬರ್ 12

ಬುಲ್ ಹುಟ್ಟಿದ್ದು 1951ರಲ್ಲಿ, ಇಂಗ್ಲೆಂಡಿನಲ್ಲಿ. ಬೆಳೆದದ್ದು ಕೆನಡಾದಲ್ಲಿ. 1986ರಲ್ಲಿ ಜಪಾನಿಗೆ ಬಂದು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತ ಕೆತ್ತನೆಗೆ ಕೂತರು. ಗುರುವಿನ ಮನೆಯಲ್ಲಿದ್ದು ಕಲಿತವರಲ್ಲ. ಹಳೆಯ ಕಸುಬುದಾರರನ್ನು ಕಂಡು, ಕೇಳಿ, ಹಳೆಯ ಅಚ್ಚುಗಳನ್ನೇ ಮುಂದಿಟ್ಟುಕೊಂಡು ಕಲಿತವರು. 1989ರಲ್ಲಿ ಹಿಡಿದ ಕೆಲಸ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ: ಕಟ್ಸುಕಾವ ಶುನ್‌ಶೊ 1775ರ ಪುಸ್ತಕವೊಂದಕ್ಕೆ ಬರೆದ ನೂರು ಕವಿಗಳ ಚಿತ್ರವನ್ನು ಹೊಸದಾಗಿ ಕೆತ್ತುವುದು, ವರ್ಷಕ್ಕೆ ಹತ್ತು. 1998ರಲ್ಲಿ ನೂರೂ ಮುಗಿದವು.

ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಬೆಂಗಳೂರಿನ ಗೆಳೆಯ, "ಅಲ್ಲ ಮಾರಾಯ, ಬೇರೆಯವರ ಚಿತ್ರ ನಕಲು ಮಾಡೋದರಲ್ಲಿ ಏನಿದೆ?" ಅಂದ.

ನವೆಂಬರ್ 13

ಏನಿದೆ? ಎಲ್ಲವೂ ಇದೆ. ಚಿತ್ರಕಾರ ತೆಳು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸುತ್ತಾರೆ. ಚಾಕು ಓಡಿದಂತೆ ಆ ಮೂಲಚಿತ್ರ ಚೂರಾಗಿ ಹೋಗುತ್ತದೆ. ಕೊನೆಗೆ ಉಳಿಯುವುದು ಕೆತ್ತಿದವನ ಗೆರೆ. ಹೊಕುಸಾಯಿಯ ದೊಡ್ಡ ಅಲೆ ಎಂದು ಲೋಕವೆಲ್ಲ ಕೊಂಡಾಡುವ ಚಿತ್ರದ ಒಂದೊಂದು ನೊರೆಯುಗುರನ್ನೂ ಬಿಡಿಸಿದ್ದು ಚಿತ್ರದಲ್ಲಿ ಹೆಸರೇ ಇಲ್ಲದ ಕೆತ್ತನೆಗಾರ. ಬುಲ್ ಆ ಅಲೆಯನ್ನೂ ಮತ್ತೆ ಕೆತ್ತಿದ್ದಾರೆ. ಆ ವಿಡಿಯೊಗಳನ್ನು ನಾನು ಬಿಟ್ಟೂ ಬಿಡದೆ ನೋಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು ಹಣೆಯಂಚಿನ ಕೂದಲು. ನನ್ನ ಚಿತ್ರದ ಹೆಂಗಸಿನ ಹಣೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದು ಎಳೆಯೂ ಬುಡದಲ್ಲಿ ದಪ್ಪ, ತುದಿಗೆ ಬಂದಂತೆ ಚರ್ಮದಲ್ಲೇ ಕರಗುತ್ತದೆ. ಹಲಗೆಯ ಮೇಲೆ ಆ ಎಳೆಯೆಂದರೆ ಎರಡೂ ಬದಿ ಚಾಕು ಎಳೆದು ಉಳಿಸಿಕೊಂಡ ಮರದ ದಿಂಡು. ಮೂಲದಲ್ಲಿ ಚಿತ್ರಕಾರ ಇಷ್ಟೆಲ್ಲ ಎಳೆ ಬರೆದುಕೊಡುತ್ತಲೂ ಇರಲಿಲ್ಲ. ಅದನ್ನು ಕೆತ್ತುವವನಿಗೇ ಬಿಡುತ್ತಿದ್ದರು. ಇದನ್ನು ನಕಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನವೆಂಬರ್ 17

ಮತ್ತೆ ಅಸಾಕುಸಾ. ಅಂಗಡಿ ಇಲ್ಲಿ ತೆರೆದದ್ದು 2014ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಚಿತ್ರಕಾರ ಜೆಡ್ ಹೆನ್ರಿ ವಿಡಿಯೊ ಗೇಮಿನ ಪಾತ್ರಗಳನ್ನು ಉಕಿಯೊ-ಎ ಶೈಲಿಯಲ್ಲಿ ಬರೆದು, ಬುಲ್ ಅವನ್ನು ಮರದಚ್ಚಿಗೆ ತರಲು ಒಪ್ಪಿ, ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಜನರಿಂದ ಮೂರು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತ್ತು. ಪರಂಪರೆಗೆ ಇದು ಒಗ್ಗದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಡೊ ಕಾಲದ ಅಚ್ಚುಗಳಲ್ಲಿದ್ದದ್ದೂ ಆಗಿನ ಜನ ಮುಗಿಬೀಳುತ್ತಿದ್ದ ಕಬುಕಿ ನಟರೇ. ಅದಕ್ಕಿಂತ ಹೆಚ್ಚಾಗಿ, ಕೈಗೆ ಕೆಲಸ ಇಲ್ಲದಿದ್ದರೆ ಹೊಸಬರು ಕಲಿಯುವುದು ಹೇಗೆ?

ಅಚ್ಚು ಹಾಕುವ ಕೆಲಸದ ಕ್ರಮವನ್ನು ಮರೆಯುವ ಮುನ್ನ ಬರೆದಿಡುತ್ತೇನೆ. ಹಲಗೆಗೆ ಬಣ್ಣ, ಚೂರು ಅಕ್ಕಿಗಂಜಿ, ಮೇಲೆ ಬ್ರಷ್. ತೇವ ಮಾಡಿಟ್ಟ ಹೋಶೊ ಕಾಗದದ ಮೂಲೆಯನ್ನು ಹಲಗೆಯಲ್ಲೇ ಕೆತ್ತಿದ ಕೆಂಟೊ ಎಂಬ ಗುರುತಿಗೆ ಕೂಡಿಸಿ ಮಲಗಿಸುವುದು. ಆಮೇಲೆ ಬಾರೆನ್: ಬಿದಿರಿನ ಪೊರೆ ಸುತ್ತಿದ, ಅಂಗೈಯಗಲದ ಅಕ್ಕಿರೊಟ್ಟಿಯಂಥ ಬಿಲ್ಲೆ. ಮೈಭಾರವೆಲ್ಲ ಅದರ ಮೇಲೆ. ಒಂದು ಬಣ್ಣಕ್ಕೆ ಒಂದು ಸಲ, ಹೀಗೆ ಎಲ್ಲ ಬಣ್ಣಗಳಿಗೂ. ಕೆಂಟೊ ತಪ್ಪಿದರೆ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ.

ನವೆಂಬರ್ 20

ಲೈಬ್ರರಿಯಿಂದ ಉಕಿಯೊ-ಎ ಚಿತ್ರಕಾರ ಯೊಶಿತೊಶಿಯ ಚಂದ್ರನ ನೂರು ಚಿತ್ರಗಳ ಪುಸ್ತಕ ತಂದೆ. 1885ರಿಂದ 1892ರವರೆಗೆ ಬಂದ ಸರಣಿ. ಅದರಲ್ಲಿ ಹಲವು ಚಿತ್ರಗಳಲ್ಲಿ ಯಮಾಮೊಟೊ ಎಂಬ ಕೆತ್ತನೆಗಾರನ ಹೆಸರಿದೆ, ಚಿಕ್ಕದಾಗಿ. ಅಂಥ ಹೆಸರು ಕಂಡಲ್ಲೆಲ್ಲ ಬರೆದುಕೊಳ್ಳಲು ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ. ಗೆಳೆಯನಿಗೆ ಭಾನುವಾರ ಫೋನ್ ಮಾಡಬೇಕು.